ಕಲೆಕ್ಷನ್ ಇಲ್ಲದ ರಾತ್ರಿ: ಸಂಗೀತ ನಾಟಕದ ಲಾಭ-ನಷ್ಟ ಯಾರ ಪಾಲು?



ಕಂಪನಿ ನಾಟಕಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ, ಮಾತಾಡಿದ್ದಾರೆ. ನಟರ ಕಂಠ, ಪರದೆಗಳ ಬಣ್ಣ, ಪೆಟ್ಟಿಗೆ ಮಾಸ್ತರರ ಕೈಚಳಕ, ‘ವನ್ಸ್ ಮೋರ್’ ಕೂಗು ಇವೆಲ್ಲ ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿವೆ. ಆದರೆ ಅದೇ ಥಿಯೇಟರಿನ ಗೇಟಿನ ಹತ್ತಿರ ಕೂತು ಟಿಕೆಟ್ ಹರಿದ ಮ್ಯಾನೇಜರನ ಲೆಕ್ಕದ ಪುಸ್ತಕಕ್ಕೆ ನಮ್ಮ ರಂಗಚರಿತ್ರೆಯಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಹಣದ ಮಾತು ಎತ್ತಿದರೆ ಕಲೆಗೆ ಅವಮಾನ ಎಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆ ಸಂಕೋಚ ಬಿಟ್ಟು ಇವತ್ತು ಹಣದ ಮಾತನ್ನೇ ಆಡಬೇಕೆಂದಿದ್ದೇನೆ. ಹಾಡು, ಕುಣಿತ, ವಾದ್ಯಮೇಳ ಇರುವ ನಾಟಕವನ್ನು ಟಿಕೆಟ್ ಇಟ್ಟು ಆಡಿಸುವವನಿಗೆ ಎಷ್ಟು ಖರ್ಚು ಬರುತ್ತದೆ? ಹುಟ್ಟಿದ ಹಣ ಎಲ್ಲಿಗೆ ಹೋಗುತ್ತದೆ? ಹುಟ್ಟದಿದ್ದ ರಾತ್ರಿ ಆ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ? ಈ ಮೂರನೆಯ ಪ್ರಶ್ನೆಯೇ ಇಂದಿನ ಉಪನ್ಯಾಸದ ತಿರುಳು.

ಹಾಡಿಗೆ ಟಿಕೆಟ್ ಇಟ್ಟ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬೈಯ ಪಾರಸಿ ನಾಟಕ ಕಂಪನಿಗಳು ಊರೂರು ಸುತ್ತಿ, ರಾತ್ರಿಯಿಡೀ ಹಾಡಿ ಕುಣಿದು, ಆ ಹಾಡಿಗೆ ಜನ ದುಡ್ಡು ಕೊಡುತ್ತಾರೆಂದು ತೋರಿಸಿಕೊಟ್ಟವು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಆ ಪಾಠವನ್ನು ಬೇಗ ಗ್ರಹಿಸಿದರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ ರಂಗಕ್ಕೆ ಬಂತು. ಅದರ ಬೆನ್ನಿಗೆ ಬೆಳೆದ ಕಿರ್ಲೋಸ್ಕರ ನಾಟಕ ಮಂಡಳಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಪ್ರೇಕ್ಷಕರನ್ನು ಗಳಿಸಿತು. ಕನ್ನಡದ ನೆಲದಲ್ಲಿ ಮರಾಠಿ ನಾಟಕ ದುಡಿಯುವುದನ್ನು ಇದಕ್ಕೂ ಮುಂಚೆಯೇ ಕಂಡಿದ್ದ ಗದುಗಿನ ಶಾಂತಕವಿಗಳಂಥವರು ಕನ್ನಡದ ಮಂಡಳಿ ಕಟ್ಟಲು ಹೊರಟದ್ದು ನಮಗೆಲ್ಲ ಗೊತ್ತಿರುವ ಕಥೆ. ಅದನ್ನು ಭಾಷಾಭಿಮಾನದ ಕಥೆಯಾಗಿ ಹೇಳುವುದು ರೂಢಿ. ಪ್ರೇಕ್ಷಕರ ಜೇಬಿನ ಕಥೆಯೂ ಅದರೊಳಗೆ ಇದೆ.

ಇದೇ ಸುಮಾರಿಗೆ ಮೈಸೂರಿನಲ್ಲಿ ಬೇರೆಯದೇ ಏರ್ಪಾಡು ಹುಟ್ಟಿತು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಕಂಪನಿ ನಿಂತಿತು. ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ಅಲ್ಲಿ ಬೆಳಕು ಕಂಡಿತು. ಆ ಕಂಪನಿಯ ನಟರು ಸಂಬಳದವರು. ನಾಟಕ ನೋಡಲು ಹತ್ತು ಜನ ಬಂದರೂ ಸಾವಿರ ಜನ ಬಂದರೂ ತಿಂಗಳ ಕೊನೆಗೆ ಅವರ ಮನೆಯ ಒಲೆ ಉರಿಯುತ್ತಿತ್ತು, ಏಕೆಂದರೆ ನಷ್ಟ ಹೊರುವ ಹೆಗಲು ಅರಮನೆಯದಾಗಿತ್ತು.

ಮಹಾರಾಜರ ಹೆಗಲಿಲ್ಲದೆ ಬೀದಿಗಿಳಿದ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ಕಂಪನಿ, ಕೊಣ್ಣೂರು, ಶಿರಹಟ್ಟಿ, ಹಲಗೇರಿಯ ಮಂಡಳಿಗಳು, ಮಹಮದ್ ಪೀರರ ಚಂದ್ರಕಲಾ ಕಂಪನಿ ಇವುಗಳ ಸ್ಥಿತಿ ಬೇರೆ. ಇವುಗಳಿಗೆ ಗೇಟಿನ ಕಲೆಕ್ಷನ್ನೇ ಆಧಾರ. ಮಾಲೀಕನೇ ಬಂಡವಾಳಗಾರ, ಅವನೇ ಸಾಲಗಾರ, ಬಹುತೇಕ ಕಡೆ ಅವನೇ ಮುಖ್ಯ ನಟ. ಅವನ ಗಂಟಲು ಕಟ್ಟಿದರೆ ಪಾತ್ರದ ಜೊತೆಗೆ ವ್ಯವಹಾರವೂ ನಿಲ್ಲುತ್ತಿತ್ತು.

ದಿನದ ಖರ್ಚೆಂಬ ಒಡೆಯ

ನಾಟಕದಲ್ಲಿ ಎರಡು ಬಗೆಯ ಖರ್ಚಿದೆ. ಪರದೆ, ಸೀನರಿ, ಉಡುಪು, ತಾಲೀಮು, ಹಾರ್ಮೋನಿಯಂ, ಬೆಳಕಿನ ಸಾಮಾನು ಇವಕ್ಕೆ ಮೊದಲ ಪ್ರದರ್ಶನಕ್ಕೆ ಮುಂಚೆ ಸುರಿಯುವ ಹಣ ಒಂದು. ಪಗಾರ, ಊಟ, ಜಾಗದ ಬಾಡಿಗೆ, ದೀಪ, ಹ್ಯಾಂಡ್‌ಬಿಲ್ ಇವಕ್ಕೆ ಪ್ರತಿದಿನ ಕೈಬಿಡುವ ಹಣ ಇನ್ನೊಂದು. ಹೊರಗಿನವರ ಕಣ್ಣಿಗೆ ಮೊದಲನೆಯದು ಬೀಳುತ್ತದೆ. ಮಾಲೀಕನ ನಿದ್ದೆ ಕೆಡಿಸುವುದು ಎರಡನೆಯದು.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಮೂವತ್ತೈದು ಜನರ ಒಂದು ಕಂಪನಿಗೆ ದಿನದ ಖರ್ಚು 30,000 ರೂಪಾಯಿ ಎಂದಿಟ್ಟುಕೊಳ್ಳಿ. ತಗಡಿನ ಥಿಯೇಟರಿನಲ್ಲಿ 600 ಜನ ಕೂರಬಹುದು, ಟಿಕೆಟ್ 100 ರೂಪಾಯಿ. ಅರ್ಧ ಥಿಯೇಟರು ತುಂಬಿದರೆ ಅಸಲಿಗೆ ಅಸಲು. ಪೂರ್ತಿ ತುಂಬಿದ ರಾತ್ರಿ 30,000 ಉಳಿತಾಯ. ಮಳೆ ಬಂದು ಆಟ ನಿಂತ ರಾತ್ರಿ 30,000 ಲುಕ್ಸಾನು. ಅಂದರೆ ಒಂದು ಮಳೆ ಒಂದು ಹೌಸ್‌ಫುಲ್ಲನ್ನು ಪೂರ್ತಿ ತೊಳೆದುಕೊಂಡು ಹೋಗುತ್ತದೆ. ಈಗ ಕ್ಯಾಂಪು ಬದಲಿಸಬೇಕು. ಥಿಯೇಟರು ಬಿಚ್ಚಿ, ಲಾರಿಗೆ ಹೇರಿ, ಹೊಸ ಊರಿನಲ್ಲಿ ಕಟ್ಟಿ, ಪರವಾನಗಿ ಪಡೆದು ಗಂಟೆ ಬಾರಿಸುವ ಹೊತ್ತಿಗೆ ಮೂರು ಲಕ್ಷ ಖರ್ಚಾಯಿತೆನ್ನಿ. ಹತ್ತು ಹೌಸ್‌ಫುಲ್ ರಾತ್ರಿಗಳ ದುಡಿಮೆ ದಾರಿಯಲ್ಲೇ ಮುಗಿಯಿತು. ಸಾಲ ತಂದಿದ್ದರೆ ಬಡ್ಡಿ ಬೇರೆ.

ಉತ್ತರ ಕರ್ನಾಟಕದ ಕಂಪನಿಗಳು ಜಾತ್ರೆಗಳನ್ನು ನೆಚ್ಚಿಕೊಂಡಿರುವುದು ಈ ಲೆಕ್ಕದಿಂದಲೇ. ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ ಬಂತೆಂದರೆ ಹಲವು ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಪಗಾರ, ಬಾಡಿಗೆ ಅಷ್ಟೇ ಇರುತ್ತದೆ, ಕಲೆಕ್ಷನ್ ಇಮ್ಮಡಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ಕಂಪನಿಯವರು ಮೊದಲೇ ಲೆಕ್ಕ ಹಿಡಿದು ಕಾಯುತ್ತಾರೆ. ಜಾತ್ರೆಯಲ್ಲಿ ಗಳಿಸಿದ್ದು ಮಳೆಗಾಲದ ಹೊಟ್ಟೆಗೆ. ಆ ಜಾತ್ರೆಯೇ ತಪ್ಪಿದರೆ? ಕೊರೊನಾ ವರ್ಷಗಳಲ್ಲಿ ಜಾತ್ರೆಗಳು ನಿಂತಾಗ ಈ ಕಂಪನಿಗಳ ಇಡೀ ವರ್ಷದ ಬುನಾದಿಯೇ ಕಳಚಿಬಿದ್ದಿತು.

ಸಂಗೀತ ನಾಟಕಕ್ಕೆ ಇನ್ನೂ ಒಂದು ಹೊರೆ ಉಂಟು. ಮಾತಿನ ನಾಟಕದಲ್ಲಿ ಒಬ್ಬ ನಟನ ಜಾಗಕ್ಕೆ ಇನ್ನೊಬ್ಬನನ್ನು ವಾರದಲ್ಲಿ ತಯಾರು ಮಾಡಬಹುದು. ಹಾಡುವ ನಟನ ಜಾಗಕ್ಕೆ ಹಾಗೆ ಸಿಗುವುದಿಲ್ಲ. ಕಂಠ, ಅಭಿನಯ, ರೂಪ, ರಾತ್ರಿಯಿಡೀ ನಿಲ್ಲುವ ಕಸುವು ಒಬ್ಬನಲ್ಲೇ ಕೂಡಿಬರುವುದು ಅಪರೂಪ. ಹಾಗೆ ಕೂಡಿಬಂದವನಿಗೆ ಬಯಾನೆ ಕೊಟ್ಟು ಕರೆದೊಯ್ಯಲು ಎದುರು ಕಂಪನಿಯ ಮಾಲೀಕ ಬಾಗಿಲಲ್ಲೇ ನಿಂತಿರುತ್ತಾನೆ. ವಾದ್ಯದವರು ಬೇರೆ, ಅವರ ಊಟ-ವಸತಿ ಬೇರೆ. ಇಷ್ಟಾದರೂ ಜನ ಸಂಗೀತ ನಾಟಕವನ್ನೇ ಕಟ್ಟಿದರು. ಅದಕ್ಕೂ ವ್ಯವಹಾರದ ಕಾರಣವಿದೆ. ಕಥೆಯನ್ನು ಒಮ್ಮೆ ನೋಡಿದವನು ಎರಡನೆಯ ಸಲ ಬರುವುದು ಕಡಿಮೆ. ಹಾಡಿಗಾಗಿ ಹತ್ತು ಸಲ ಬರುತ್ತಾನೆ. ಕೃಷ್ಣನ ಕಥೆಯೋ ಸದಾರಮೆಯ ಕಥೆಯೋ ಊರಿಗೆಲ್ಲ ಗೊತ್ತಿದ್ದರೂ ಗುಬ್ಬಿ ಕಂಪನಿಯ ಥಿಯೇಟರು ತುಂಬುತ್ತಿದ್ದದ್ದು ಹೀಗೆ. ಹಾಡು ಖರ್ಚನ್ನು ಹೆಚ್ಚಿಸುತ್ತದೆ, ಅದೇ ಹಾಡು ಪ್ರೇಕ್ಷಕನನ್ನು ಮರಳಿ ಕರೆತರುತ್ತದೆ. ಈ ವ್ಯಾಪಾರದ ಆಸೆಯೂ ಅಪಾಯವೂ ಒಂದೇ ಕಡೆ ಇವೆ.

ಇಬ್ಬರು ಒಡೆಯರು

ಗೆದ್ದ ನಾಟಕವೂ ಕಂಪನಿಯನ್ನು ಮುಳುಗಿಸಬಲ್ಲದು ಎಂಬುದಕ್ಕೆ ಬಾಲಗಂಧರ್ವರ ಬದುಕೇ ಸಾಕ್ಷಿ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಈ ಮಹಾಗಾಯಕ 1888ರಲ್ಲಿ ಹುಟ್ಟಿ, ಕಿರ್ಲೋಸ್ಕರ ಮಂಡಳಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, 1913ರಲ್ಲಿ ಗೋವಿಂದರಾವ್ ಟೆಂಬೆ ಮತ್ತು ಗಣೇಶ ಬೋಡಸರ ಪಾಲುದಾರಿಕೆಯಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಕಾಲಕ್ರಮದಲ್ಲಿ ಇಬ್ಬರೂ ಪಾಲುದಾರರು ಹೊರನಡೆದರು. ಉಳಿದವರು ಒಬ್ಬರೇ; ಅವರಿಗೆ ರಂಗದ ಮೇಲೆ ಕಡಿಮೆ ಎಂಬುದೇ ಗೊತ್ತಿರಲಿಲ್ಲ. ಅಸಲಿ ಜರತಾರಿ ಸೀರೆ, ಅಸಲಿ ಅತ್ತರು, ಬೆಲೆಬಾಳುವ ಸೀನರಿ. ತಬಲಕ್ಕೆ ಅಹಮದ್ ಜಾನ್ ತಿರಕವಾ ಅವರಂಥ ಉಸ್ತಾದರು. ಜನ ಮುಗಿಬಿದ್ದು ಬಂದರು. 1921ರಲ್ಲಿ ಮುಂಬೈಯಲ್ಲಿ ತಿಲಕ್ ಸ್ವರಾಜ್ಯ ನಿಧಿಗಾಗಿ ಬಾಲಗಂಧರ್ವ ಮತ್ತು ಕೇಶವರಾವ್ ಭೋಸಲೆ ಕೂಡಿ ಆಡಿದ ‘ಸಂಯುಕ್ತ ಮಾನಾಪಮಾನ’ದ ಪ್ರದರ್ಶನ ಮರಾಠಿ ರಂಗಭೂಮಿಯ ದಂತಕಥೆಯಾಗಿದೆ.

ಆದರೆ ಕಲೆಕ್ಷನ್ ಏರಿದಂತೆ ದಿನದ ಖರ್ಚೂ ಏರಿತು. ಕಲೆಕ್ಷನ್ ಒಂದು ರಾತ್ರಿಯಲ್ಲಿ ಇಳಿಯಬಹುದು. ಖರ್ಚು ಹಾಗೆ ಇಳಿಯುವುದಿಲ್ಲ. ಸೀರೆಯ ಜರಿ ಕಮ್ಮಿಯಾದರೆ ಪ್ರೇಕ್ಷಕ ಗುರುತಿಸುತ್ತಾನೆ, ಉಸ್ತಾದರ ಪಗಾರ ತಡವಾದರೆ ಉಸ್ತಾದರು ಎದ್ದು ಹೋಗುತ್ತಾರೆ. ಮಂಡಳಿ ಸಾಲದಲ್ಲಿ ಸಿಕ್ಕಿತು. ಬಾಲಗಂಧರ್ವರು ವರ್ಷಗಟ್ಟಲೆ ಆಡಿ ಸಾಲ ತೀರಿಸಿದರು, ಮತ್ತೆ ಸಾಲವಾಯಿತು. ಸಿನಿಮಾ ಬಂದ ಮೇಲೆ ಪ್ರಭಾತ್ ಕಂಪನಿಯ ‘ಧರ್ಮಾತ್ಮ’ದಲ್ಲಿ 1935ರಲ್ಲಿ ಅಭಿನಯಿಸಿದರು, ಅಲ್ಲಿ ನೆಲೆ ನಿಲ್ಲಲಾಗದೆ ರಂಗಕ್ಕೇ ಹಿಂದಿರುಗಿದರು. ಮುಂದೆ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಆ ಕಂಪನಿಯಲ್ಲಿ ನಾಯಕಿಯಾಗಿ ನಿಂತು ದುಡಿದರು. 1964ರಲ್ಲಿ ಬಾಲಗಂಧರ್ವರಿಗೆ ಪದ್ಮಭೂಷಣ ಬಂತು, ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ಎದ್ದಿತು. ಆದರೆ ಆ ಕಂಠ ದುಡಿದ ಹಣದಲ್ಲಿ ಅವರ ಮುಪ್ಪಿಗೆಂದು ಉಳಿದದ್ದು ಬಹಳ ಕಡಿಮೆ.

ಗುಬ್ಬಿ ವೀರಣ್ಣನವರು ಇದೇ ಕಾಲದವರು, ಇದೇ ವ್ಯಾಪಾರದವರು. ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿ ಅದರ ಒಡೆಯರಾದರು. ವೈಭವದಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಸಾಲ, ಬಡ್ಡಿ, ಖಾಲಿ ಥಿಯೇಟರು ಇವು ಅವರನ್ನೂ ಕಾಡದೆ ಬಿಡಲಿಲ್ಲ. ವ್ಯತ್ಯಾಸವಿದ್ದದ್ದು ದೂರದೃಷ್ಟಿಯಲ್ಲಿ. ವೀರಣ್ಣನವರು ಇಡೀ ಅದೃಷ್ಟವನ್ನು ಒಂದು ಕಂಠಕ್ಕೆ ಕಟ್ಟಲಿಲ್ಲ. ಮಕ್ಕಳನ್ನು ತರಬೇತಿ ಮಾಡಿ ಮುಂದಿನ ತಲೆಮಾರಿನ ನಟರನ್ನು ಕಂಪನಿಯೊಳಗೇ ಬೆಳೆಸಿದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥ ನಾಟಕಕಾರರಿಂದ ಹೊಸ ನಾಟಕ ಬರೆಸುತ್ತ ಹೋದರು. ಒಂದು ನಾಟಕ ಸೋತರೆ ನಾಳೆ ಹಾಕಲು ಇನ್ನೊಂದು ಗೆದ್ದ ನಾಟಕ ಪೆಟ್ಟಿಗೆಯಲ್ಲಿ ಸಿದ್ಧವಿರುತ್ತಿತ್ತು. ಸಿನಿಮಾ ಬಂದಾಗ ಅದನ್ನು ಬೈಯುತ್ತ ಕೂರದೆ ‘ಸದಾರಮೆ’, ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ಗಳ ನಿರ್ಮಾಣಕ್ಕಿಳಿದರು, ಚಿತ್ರಮಂದಿರದ ವ್ಯವಹಾರಕ್ಕೂ ಕೈಹಾಕಿದರು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದ ರಾಜಕುಮಾರ್ ಈ ಕಂಪನಿಯ ಅನ್ನ ಉಂಡವರೇ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಹಾಗೆಯೇ.

ಇಬ್ಬರಲ್ಲಿ ಯಾರು ದೊಡ್ಡ ಕಲಾವಿದರು ಎಂಬ ತೂಕ ನನ್ನ ಉದ್ದೇಶವಲ್ಲ. ಬಾಲಗಂಧರ್ವರು ರಂಗದ ಮೇಲೆ ಮಾಡಿದ್ದನ್ನು ಇನ್ನೊಬ್ಬರು ಮಾಡಲಾಗಲಿಲ್ಲ. ಆದರೆ ನಷ್ಟವನ್ನು ಹಲವು ಕಡೆ ಹಂಚುವ ಏರ್ಪಾಡು ಒಬ್ಬರ ಕಂಪನಿಯಲ್ಲಿತ್ತು, ಇನ್ನೊಬ್ಬರ ಕಂಪನಿಯಲ್ಲಿ ಇರಲಿಲ್ಲ. ಕಂಪನಿಯ ಆಯುಷ್ಯವನ್ನು ಪ್ರತಿಭೆಯ ಜೊತೆಗೆ ಈ ಏರ್ಪಾಡೂ ನಿರ್ಧರಿಸುತ್ತದೆ.

ರಾಗಕ್ಕೆ ಬೇಕಾದ ಹೊತ್ತು

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಅದರ ನಾಯಕ ಸುಬ್ಬಯ್ಯ ನಾಯ್ಡು ರಂಗಭೂಮಿಯಿಂದಲೇ ಬಂದವರು. ಒಮ್ಮೆ ಚಿತ್ರೀಕರಿಸಿದ ಹಾಡನ್ನು ನೂರು ಊರುಗಳಲ್ಲಿ ಒಂದೇ ರಾತ್ರಿ ತೋರಿಸಬಹುದಾಯಿತು, ಹಾಡಿದವರಿಗೆ ಮತ್ತೆ ಪಗಾರ ಕೊಡಬೇಕಿಲ್ಲ. ಪರದೆಯ ಮುಂದೆ ಹಾಡುವವನಿಗೆ ಮಾತ್ರ ಪ್ರತಿ ರಾತ್ರಿ ಪ್ರತಿ ಊರಿನಲ್ಲಿ ಪಗಾರ ಬೇಕು, ಊಟ ಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೋಮೊಲ್ ಮತ್ತು ವಿಲಿಯಂ ಬೊವೆನ್ 1966ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದನ್ನು ಸಿದ್ಧಾಂತವಾಗಿ ಬಿಡಿಸಿ ಹೇಳಿದ್ದಾರೆ. ಮಗ್ಗದ ಬದಲು ಯಂತ್ರ ಬಂದರೆ ಒಬ್ಬ ಕೆಲಸಗಾರ ಹತ್ತು ಪಟ್ಟು ಬಟ್ಟೆ ನೇಯುತ್ತಾನೆ, ಅವನ ಕೂಲಿಯೂ ಏರುತ್ತದೆ. ಆದರೆ ನೂರು ವರ್ಷದ ಹಿಂದೆ ಒಂದು ಹಾಡಿಗೆ ಐದು ಜನ, ಹತ್ತು ನಿಮಿಷ ಬೇಕಿದ್ದರೆ ಇವತ್ತೂ ಐದೇ ಜನ, ಹತ್ತೇ ನಿಮಿಷ ಬೇಕು. ರಾಗವನ್ನು ಬೇಗ ಹಾಡಿ ಮುಗಿಸಿ ಉತ್ಪಾದನೆ ಹೆಚ್ಚಿಸಲು ಬರುವುದಿಲ್ಲ. ಹೊರಗಿನ ಜಗತ್ತಿನ ಕೂಲಿ ಏರಿದಂತೆ ಕಲಾವಿದನಿಗೂ ಕೊಡಬೇಕಾದ್ದು ಏರುತ್ತದೆ, ಅವನ ಕೆಲಸದ ಪ್ರಮಾಣ ಮಾತ್ರ ಅಷ್ಟೇ ಉಳಿಯುತ್ತದೆ. ಹೀಗಾಗಿ ರಂಗದ ಖರ್ಚು ಉಳಿದೆಲ್ಲ ಖರ್ಚಿಗಿಂತ ವೇಗವಾಗಿ ಏರುತ್ತ ಹೋಗುತ್ತದೆ. ಇದನ್ನು ಯಾವುದೋ ಮಾಲೀಕನ ಅವಿವೇಕ ಎನ್ನಲಾಗದು. ಈ ಕಲೆಯ ಸ್ವಭಾವವೇ ಹಾಗೆ. ಇದನ್ನು ಒಪ್ಪಿಕೊಂಡರೆ ನಮ್ಮ ಕಂಪನಿಗಳು ಮುಚ್ಚಿದ್ದಕ್ಕೆ ಸಿನಿಮಾ, ಟೀವಿ, ಜನರ ಅಭಿರುಚಿ ಎಂದು ಬರಿದೇ ದೂರುವುದನ್ನು ಬಿಟ್ಟು, ಮುಂದಿನ ದಾರಿ ಯೋಚಿಸಬಹುದು.

ಬ್ರಾಡ್‌ವೇ ಕಲಿಸುವುದೇನು

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್ ಇವತ್ತು ಸಂಗೀತ ನಾಟಕದ ಅತಿ ದೊಡ್ಡ ಮಾರುಕಟ್ಟೆಗಳು. ಅಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿನ ಉದ್ಯಮದವರೇ ಒಪ್ಪುವ ಮಾತೆಂದರೆ, ಐದು ನಾಟಕಗಳಲ್ಲಿ ಹಾಕಿದ ಬಂಡವಾಳ ಹಿಂದಿರುಗಿಸುವುದು ಹೆಚ್ಚುಕಡಿಮೆ ಒಂದು ಮಾತ್ರ.

ಅಲ್ಲಿಯೂ ಪ್ರಾಣ ಹಿಂಡುವುದು ದಿನದ ಖರ್ಚೇ. ಅವರು ಅದನ್ನು ವಾರದ ಲೆಕ್ಕದಲ್ಲಿ ಹಿಡಿಯುತ್ತಾರೆ, ವಾರಕ್ಕೆ ಎಂಟು ಆಟ. ‘ಸ್ಪೈಡರ್‌ಮ್ಯಾನ್’ ಕಥೆಯ ಸಂಗೀತ ನಾಟಕವನ್ನು ಸುಮಾರು 7.5 ಕೋಟಿ ಡಾಲರ್ ಸುರಿದು ಕಟ್ಟಿದರು. ನಟರು ಪ್ರೇಕ್ಷಕರ ತಲೆಯ ಮೇಲೆ ಹಾರುವ ಏರ್ಪಾಡು. ಆ ಸಾಹಸದಲ್ಲಿ ಕಲಾವಿದರು ಬಿದ್ದು ಗಾಯಗೊಂಡರು. ನಾಟಕಕ್ಕೆ ಜನ ಬರಲಿಲ್ಲವೆಂದಲ್ಲ. ಒಂದು ಹೊಸವರ್ಷದ ವಾರದಲ್ಲಂತೂ ಅದರ ಕಲೆಕ್ಷನ್ 29 ಲಕ್ಷ ಡಾಲರ್ ದಾಟಿತು. ಆದರೆ ಪರದೆ ಎತ್ತಲು ವಾರಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಬೇಕಿತ್ತು. ಸಾವಿರಕ್ಕೂ ಹೆಚ್ಚು ಆಟವಾಡಿ 2014ರ ಜನವರಿಯಲ್ಲಿ ಮುಚ್ಚಿದಾಗ ಹಾಕಿದ ಹಣದ ಬಹುಭಾಗ ಮುಳುಗಿತ್ತು. ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ದ ಕಥೆ ನೋಡಿ. 1988ರಲ್ಲಿ ಬ್ರಾಡ್‌ವೇಗೆ ಬಂದು 13,981 ಆಟಗಳನ್ನು ಕಂಡ ದಾಖಲೆಯ ನಾಟಕ ಅದು. ವಾರದ ಖರ್ಚು ಒಂಬತ್ತು ಲಕ್ಷ ಡಾಲರ್ ದಾಟಿ, ಕೊರೊನಾ ನಂತರ ಪ್ರವಾಸಿಗರು ಕಡಿಮೆಯಾಗಿ, 2023ರ ಏಪ್ರಿಲ್ 16ರಂದು ಅದೂ ನಿಂತಿತು. ಮೂವತ್ತೈದು ವರ್ಷದ ಕೀರ್ತಿ ಒಂದು ವಾರದ ಕೊರತೆಯನ್ನು ತುಂಬಿಕೊಡುವುದಿಲ್ಲ.

ಗೆದ್ದಾಗ ಬರುವ ಲಾಭವೂ ಅಷ್ಟೇ ಅಗಾಧ. 1981ರಲ್ಲಿ ಲಂಡನ್ನಿನಲ್ಲಿ ‘ಕ್ಯಾಟ್ಸ್’ ಕಟ್ಟುವಾಗ ಬೆಕ್ಕುಗಳ ಮೇಲಿನ ಕವಿತೆಗಳ ನಾಟಕಕ್ಕೆ ಹಣ ಹಾಕಲು ದೊಡ್ಡವರು ಮುಂದೆ ಬರಲಿಲ್ಲ. ಸಂಗೀತಕಾರ ಆಂಡ್ರ್ಯೂ ಲಾಯ್ಡ್ ವೆಬ್ಬರ್ ತಮ್ಮ ಮನೆಯನ್ನೇ ಅಡವಿಟ್ಟರು. ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ಇನ್ನೂರಕ್ಕೂ ಹೆಚ್ಚು ಮಂದಿಯಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿದರು. ಆ ನಾಟಕ ಲಂಡನ್ನಿನಲ್ಲಿ ಇಪ್ಪತ್ತೊಂದು ವರ್ಷ ನಡೆಯಿತು. ಅದೇ ದಶಕದಲ್ಲಿ, 1988ರಲ್ಲಿ, ಸುಮಾರು 80 ಲಕ್ಷ ಡಾಲರಿನ ‘ಕ್ಯಾರಿ’ ಬ್ರಾಡ್‌ವೇಯಲ್ಲಿ ಅಧಿಕೃತವಾಗಿ ತೆರೆದ ಮೇಲೆ ಐದೇ ಆಟಕ್ಕೆ ಮುಚ್ಚಿತು. ಇವೆರಡರಲ್ಲಿ ಯಾವುದು ಗೆಲ್ಲುತ್ತದೆಂದು ಮುಂಚೆಯೇ ಹೇಳಬಲ್ಲವರು ಯಾರೂ ಇರಲಿಲ್ಲ.

ಗೆಲುವನ್ನು ಅಲ್ಲಿನವರೂ ಮುಂಗಾಣಲಾರರು ಅಂದಮೇಲೆ ಅವರು ನಮಗಿಂತ ಭಿನ್ನವಾಗಿ ಮಾಡಿರುವುದೇನು? ಸೋಲಿನ ಪೆಟ್ಟು ಎಲ್ಲಿ ಬೀಳಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದಾರೆ. ಒಂದೊಂದು ನಾಟಕಕ್ಕೂ ಬೇರೆ ಸಂಸ್ಥೆ, ಬೇರೆ ಲೆಕ್ಕ. ಹಣ ಹಾಕುವವರು ನೂರಾರು ಜನ. ಹಾಕಿದ್ದು ಹೋದರೆ ಅಷ್ಟೇ ಹೋಗುತ್ತದೆ, ಮನೆ ಹೋಗುವುದಿಲ್ಲ. ವೆಬ್ಬರ್ ಮನೆ ಅಡವಿಟ್ಟದ್ದು ಅಪರೂಪದ ಪ್ರಸಂಗ. ನಮ್ಮಲ್ಲಿ ಹೆಂಡತಿಯ ಒಡವೆ, ಊರಿನ ಹೊಲ ಅಡವಿಡುವುದು ಕಂಪನಿ ಮಾಲೀಕನ ಪ್ರತಿ ಹಂಗಾಮಿನ ಪಾಡು. ನಾಟಕಕಾರ, ಸಂಗೀತಕಾರರು ಅಲ್ಲಿ ಕೃತಿಯ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡು ಕಲೆಕ್ಷನ್ನಿನಲ್ಲಿ ಪಾಲು ಪಡೆಯುತ್ತಾರೆ. ನಮ್ಮ ಕಂಪನಿ ಕವಿಗಳು ಬಹುಮಟ್ಟಿಗೆ ಸಂಬಳದವರು; ಅವರ ಹಾಡು ಊರೂರು ಸುತ್ತಿದರೂ ಅದರ ಹಿಂದೆ ಹಣ ಅವರ ಮನೆಗೆ ಬರಲಿಲ್ಲ.

ಲೆಕ್ಕಕ್ಕೆ ಬಾರದ ಹೂಡಿಕೆದಾರ

ಈಗ ನಟರ ಮಾತಿಗೆ ಬರುತ್ತೇನೆ. ಕಲೆಕ್ಷನ್ ಬಿದ್ದಾಗ ಕಂಪನಿ ಮಾಲೀಕ ಮೊದಲು ಮಾಡುತ್ತಿದ್ದ ಕೆಲಸ ಪಗಾರ ತಡೆಯುವುದು. ಜಾಗದ ಬಾಡಿಗೆ ತಡೆದರೆ ಥಿಯೇಟರು ಬಿಚ್ಚಿಸುತ್ತಾರೆ, ದಿನಸಿ ಅಂಗಡಿಯವನ ಬಾಕಿ ತಡೆದರೆ ಅಡುಗೆಮನೆ ನಿಲ್ಲುತ್ತದೆ. ಕಲಾವಿದರ ಪಗಾರ ತಡೆದರೆ ಅವರು ಮುಂದಿನ ಕ್ಯಾಂಪಿನವರೆಗೂ ಕಾಯುತ್ತಾರೆ. ಮಾಲೀಕ ಕ್ರೂರಿಯಾಗಿರಬೇಕಿಲ್ಲ, ತನ್ನ ಪಾಲಿನ ಊಟವನ್ನೂ ಕಲಾವಿದರಿಗೆ ಬಡಿಸಿದ ಮಾಲೀಕರು ನಮ್ಮಲ್ಲಿದ್ದರು. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ, ಪಗಾರ ಬಾಕಿ ಉಳಿಸಿಕೊಂಡ ಪ್ರತಿ ಕಲಾವಿದನೂ ಆ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವನು. ಕಂಪನಿ ಮುಳುಗಿದರೆ ಅವನ ಸಾಲವೂ ಮುಳುಗಿತು. ಕಂಪನಿ ಗೆದ್ದರೆ? ಬಾಕಿ ಪಗಾರ ಬಂತು, ಲಾಭದಲ್ಲಿ ಪಾಲು ಬರಲಿಲ್ಲ. ನಷ್ಟಕ್ಕೆ ಪಾಲುದಾರನಾಗಿ ಲಾಭಕ್ಕೆ ಹೊರಗಿನವನಾದ ಹೂಡಿಕೆದಾರನನ್ನು ಬೇರೆ ಯಾವ ವ್ಯಾಪಾರವೂ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಸಾಲ ಇನ್ನೂ ಭಾರ. ಕಂಪನಿಯಲ್ಲಿ ಹಾಡಿ ಕುಣಿದು ಥಿಯೇಟರು ತುಂಬಿಸಿದ ನಟಿಗೆ ಸಮಾಜ ಗೌರವವನ್ನೂ ಸರಿಯಾಗಿ ಕೊಡಲಿಲ್ಲ. ಕಂಠ ಇಳಿದ ಮೇಲೆ ಅವಳಿಗೆ ಕಂಪನಿಯ ಊಟವೂ ಇಲ್ಲ, ಊರಿನ ಮನೆಯೂ ಇಲ್ಲ. ಎಷ್ಟೋ ಹಿರಿಯ ಕಲಾವಿದೆಯರು ಸರ್ಕಾರದ ಮಾಸಾಶನವನ್ನೇ ನಂಬಿಕೊಂಡಿದ್ದಾರೆ. ಆ ಮಾಸಾಶನವನ್ನು ನಾವು ಸಹಾಯ ಎನ್ನುತ್ತೇವೆ. ನಾನು ಅದನ್ನು ಬಾಕಿ ಪಗಾರ ಎಂದೇ ತಿಳಿಯುತ್ತೇನೆ.

ಅಮೆರಿಕದ ನಟರೂ ಒಂದು ಕಾಲದಲ್ಲಿ ಹೀಗೇ ಇದ್ದರು. ತಾಲೀಮಿಗೆ ಪಗಾರವಿಲ್ಲ, ಪ್ರವಾಸದಲ್ಲಿ ನಾಟಕ ನಿಂತರೆ ಪರಊರಿನಲ್ಲಿ ಕೈಬಿಟ್ಟು ಹೋಗುವುದು ಮಾಮೂಲು. 1913ರಲ್ಲಿ ಅವರು ‘ಆಕ್ಟರ್ಸ್ ಇಕ್ವಿಟಿ’ ಎಂಬ ಸಂಘ ಕಟ್ಟಿ, 1919ರಲ್ಲಿ ಒಂದು ತಿಂಗಳು ಮುಷ್ಕರ ಹೂಡಿ ಗೆದ್ದರು. ಮುಂದೆ ನಿರ್ಮಾಪಕ ಆಟಕ್ಕೆ ಮುಂಚೆಯೇ ನಟರ ಪಗಾರಕ್ಕೆ ಭದ್ರತೆಯಾಗಿ ಹಣ ಕಟ್ಟಬೇಕೆಂಬ ನಿಯಮ ಬಂತು. ನಾಟಕ ಮೊದಲ ವಾರದಲ್ಲೇ ಬಿದ್ದರೂ ಆ ಹಣದಿಂದ ಪಗಾರ ಸಿಗುತ್ತದೆ. ಲಾಭದ ಪಾಲಿನ ಪ್ರಶ್ನೆಯೂ ಅಲ್ಲಿ ಎದ್ದಿತು. ನೃತ್ಯಗಾರರು ತಮ್ಮ ಬದುಕನ್ನು ತಾವೇ ಹೇಳಿಕೊಂಡ ಧ್ವನಿಮುದ್ರಣಗಳಿಂದ ‘ಎ ಕೋರಸ್ ಲೈನ್’ ಹುಟ್ಟಿತು. ಒಂದು ಡಾಲರಿಗೆ ತಮ್ಮ ಕಥೆಯ ಹಕ್ಕನ್ನು ಬರೆದುಕೊಟ್ಟಿದ್ದ ಅವರಿಗೆ ಮುಂದೆ ನಿರ್ದೇಶಕ ಮೈಕೇಲ್ ಬೆನೆಟ್ ತಮ್ಮ ರಾಯಧನದಲ್ಲಿ ಪಾಲು ಕೊಟ್ಟರು. ಆ ನಾಟಕ 6,137 ಆಟ ನಡೆಯಿತು. 2015ರಲ್ಲಿ ಬಂದ ‘ಹ್ಯಾಮಿಲ್ಟನ್’ ಭಾರಿ ಲಾಭ ಕಂಡಾಗ, ನಾಟಕ ರೂಪುಗೊಳ್ಳುವಾಗ ಜೊತೆಗಿದ್ದ ಮೊದಲ ತಂಡದ ನಟರು ಲಾಭದ ಪಾಲು ಕೇಳಿದರು. ಮರುವರ್ಷ ನಿರ್ಮಾಪಕರು ಒಪ್ಪಿದರು. ಹೀಗೆ ಪಾಲು ಕೊಟ್ಟಿದ್ದರಿಂದ ಬ್ರಾಡ್‌ವೇ ಮುಳುಗಲಿಲ್ಲ.

ನಮ್ಮ ಮುಂದಿರುವ ಕೆಲಸ

ಭಾರತದಲ್ಲಿ ದೊಡ್ಡ ಬಂಡವಾಳದ ಸಂಗೀತ ನಾಟಕ ಮತ್ತೆ ಶುರುವಾಗಿದೆ. 2016ರಲ್ಲಿ ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶಿಸಿದ ‘ಮುಘಲ್-ಎ-ಆಜಂ’ ಮುಂಬೈಯಲ್ಲಿ ಜನರನ್ನು ಸೆಳೆಯಿತು. 2023ರಲ್ಲಿ ಅಲ್ಲಿ ತೆರೆದ ಹೊಸ ಸಾಂಸ್ಕೃತಿಕ ಕೇಂದ್ರಕ್ಕೆ ಹೊರದೇಶದ ಸಂಗೀತ ನಾಟಕಗಳೂ ಬಂದವು. ಇವುಗಳ ಹಿಂದೆ ದೊಡ್ಡ ಉದ್ಯಮ ಸಮೂಹಗಳಿವೆ. ಕನ್ನಡದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ನಡೆಯುವ ಹಾಡುಗಳ ನಾಟಕವಾಗಿ ತಂದಾಗ ಜನ ಚಳಿಯಲ್ಲಿ ಕೂತು ನೋಡಿದರು. ಅದರ ಹಿಂದೆ ಸರ್ಕಾರದ ಸಂಸ್ಥೆಯಿತ್ತು. ಹಾಡಿನ ನಾಟಕಕ್ಕೆ ಕನ್ನಡಿಗ ಬೆಳಗಿನವರೆಗೂ ಕೂರುತ್ತಾನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊರತೆಯಿರುವುದು ಉದ್ಯಮಿಯ ಬೆಂಬಲವೂ ಇಲ್ಲದ, ಸರ್ಕಾರದ ಬೆಂಬಲವೂ ಇಲ್ಲದ ನಡುವಿನ ಕಂಪನಿಗೆ. ಅದಕ್ಕಾಗಿ ನಾಲ್ಕು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಪಗಾರದ ಭದ್ರತೆ. ಕ್ಯಾಂಪು ಹಾಕುವ ಮುಂಚೆ ಎರಡು ವಾರದ ಪಗಾರವನ್ನು ಬೇರೆ ಖಾತೆಯಲ್ಲಿ ಇಡುವ ಪದ್ಧತಿ ಬರಬೇಕು. ಸಣ್ಣ ಕಂಪನಿಗೆ ಅಷ್ಟು ಶಕ್ತಿಯಿಲ್ಲ ನಿಜ. ಹಾಗಿದ್ದರೆ ಸರ್ಕಾರವೋ ಅಕಾಡೆಮಿಯೋ ಮೂಲನಿಧಿ ಇಟ್ಟು, ಅದರ ಬಡ್ಡಿಯಿಂದ ಮಳೆ, ಬರ, ರೋಗದ ಕಾಲದಲ್ಲಿ ನಿಂತ ಆಟದ ಪಗಾರ ಕೊಡಬಹುದು. ಹಣ ನೇರವಾಗಿ ಕಲಾವಿದರ ಖಾತೆಗೆ ಹೋಗಬೇಕು.

ಎರಡನೆಯದು, ತಿರುಗಾಟದ ಖರ್ಚಿಗೆ ನೆರವು. ಬ್ರಿಟನ್ 2014ರಿಂದ ನಾಟಕ ಕಟ್ಟುವ ಖರ್ಚಿನ ಒಂದು ಭಾಗವನ್ನು ತೆರಿಗೆಯ ಮೂಲಕ ಹಿಂದಿರುಗಿಸುತ್ತಿದೆ, ಊರೂರು ತಿರುಗುವ ನಾಟಕಕ್ಕೆ ಹೆಚ್ಚಿನ ದರದಲ್ಲಿ. ನಮ್ಮಲ್ಲಿ ಕಡಿಮೆ ದರದ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ವಿನಾಯಿತಿ ಕೊಟ್ಟು, 2018ರಲ್ಲಿ ಆ ಮಿತಿಯನ್ನು 500 ರೂಪಾಯಿಗೆ ಏರಿಸಿದ್ದು ಒಳ್ಳೆಯ ಕೆಲಸ. ಆದರೆ ಜಾತ್ರೆಯ ಜಾಗದ ಬಾಡಿಗೆ, ಲಾರಿಯ ಖರ್ಚು, ವಿದ್ಯುತ್ತಿನ ದರ ಕಂಪನಿಯನ್ನು ಹಿಂಡುತ್ತಲೇ ಇವೆ. ಜಾತ್ರಾ ಸಮಿತಿಗಳೂ ಸ್ಥಳೀಯ ಸಂಸ್ಥೆಗಳೂ ನಾಟಕದ ಜಾಗಕ್ಕೆ ಬೇರೆ, ಕಡಿಮೆ ದರ ಇಡಬೇಕು. ನಾಟಕ ಜಾತ್ರೆಗೆ ಜನ ತರುತ್ತದೆ. ಆ ಜನರಿಂದ ಉಳಿದ ಅಂಗಡಿಗಳೂ ಬದುಕುತ್ತವೆ.

ಮೂರನೆಯದು, ಹಾಡಿನ ಹಕ್ಕು. ಇವತ್ತು ಕಂಪನಿ ನಾಟಕದ ಹಾಡು, ಹಾಸ್ಯದ ತುಣುಕು ಮೊಬೈಲಿನಲ್ಲಿ ಲಕ್ಷಾಂತರ ಜನರನ್ನು ತಲುಪುತ್ತಿವೆ. ಅದರಿಂದ ಹುಟ್ಟುವ ಹಣ ಎಲ್ಲಿ ಸೇರುತ್ತದೆ? ಬರೆದವನಿಗೆ, ರಾಗ ಹಾಕಿದವನಿಗೆ, ಹಾಡಿದವಳಿಗೆ ಅದರಲ್ಲಿ ಪಾಲಿರಬೇಕು. ಪಾಲು ಕೇಳಬೇಕಾದರೆ ಕಾಗದ ಇರಬೇಕು. ನಂಬಿಕೆಯ ಮೇಲೆ ನಡೆದ ನಮ್ಮ ಕಂಪನಿಗಳಲ್ಲಿ ಕಾಗದ ಬರೆಯುವುದು ಅಪನಂಬಿಕೆಯ ಗುರುತೆಂದು ತಿಳಿದಿದ್ದರು. ನಂಬಿಕೆ ಉಳಿಯಬೇಕೆಂದೇ ಕಾಗದ ಬೇಕು.

ನಾಲ್ಕನೆಯದು, ಲೆಕ್ಕದ ಶಿಕ್ಷಣ. ನಮ್ಮ ರಂಗಶಾಲೆಗಳಲ್ಲಿ ಅಭಿನಯ, ಬೆಳಕು, ಪ್ರಸಾಧನ ಕಲಿಸುತ್ತೇವೆ. ಆಯವ್ಯಯ ಪಟ್ಟಿ ಬರೆಯುವುದನ್ನು, ಒಪ್ಪಂದ ಓದುವುದನ್ನು, ಬಂಡವಾಳ ಹಾಕಿದವನಿಗೆ ಪ್ರಾಮಾಣಿಕ ವರದಿ ಕೊಡುವುದನ್ನೂ ಕಲಿಸಬೇಕು. ಗೆದ್ದ ವರ್ಷದ ಹಣದಲ್ಲಿ ಇಷ್ಟು ಪಾಲು ಮುಟ್ಟಕೂಡದೆಂದು ಕಟ್ಟುನಿಟ್ಟಾಗಿ ಎತ್ತಿಡುವ ಶಿಸ್ತು ಕಲೆಗೆ ಹೊರಗಿನದೇನಲ್ಲ. ಮರುವರ್ಷ ಪರದೆ ಏಳುವುದು ಆ ಹಣದಿಂದಲೇ.

ಹಿರಿಯರೇ, ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದಲ್ಲಿ ‘ಜಗಜ್ಯೋತಿ ಬಸವೇಶ್ವರ’ ಆಡಿಸಿ ಊರೂರನ್ನು ಭಕ್ತಿಯಲ್ಲಿ ಮುಳುಗಿಸಿದರು, ನೂರು ವರ್ಷ ದಾಟಿ ಬಾಳಿದರು. ಅವರ ಕಂಪನಿಗೆ ಆ ಆಯುಷ್ಯ ಸಿಗಲಿಲ್ಲ. ಕಲಾವಿದ ಬದುಕಿ ಕಂಪನಿ ಸತ್ತ ಇಂಥ ಕಥೆಗಳು ಕನ್ನಡದಲ್ಲಿ ಬಹಳ. ನಾವು ಅವರಿಗೆ ಶಾಲು ಹೊದಿಸಿದೆವು, ಪ್ರಶಸ್ತಿ ಕೊಟ್ಟೆವು. ಅವು ಬೇಕು. ಆದರೆ ಅವು ಆಟ ಮುಗಿದ ಮೇಲೆ ಬರುವಂಥವು. ಆಟ ನಡೆಯುತ್ತಿರುವಾಗ ಬೇಕಾದದ್ದು ಬೇರೆ.

ಸಂಗೀತ ನಾಟಕದಲ್ಲಿ ಅಪಾಯ ಯಾವತ್ತೂ ಇರುತ್ತದೆ. ಐದರಲ್ಲಿ ನಾಲ್ಕು ಸೋಲುವ ವ್ಯಾಪಾರವನ್ನು ಯಾವ ಯೋಜನೆಯೂ ಸುರಕ್ಷಿತ ಮಾಡಲಾರದು, ಮಾಡಲೂಬಾರದು. ಸೋಲುವ ಧೈರ್ಯವಿಲ್ಲದ ಕಡೆ ಹೊಸ ಹಾಡು ಹುಟ್ಟುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಆ ಸೋಲಿನ ಭಾರವನ್ನು ಸರ್ಕಾರ, ಉದ್ಯಮಿ, ಜಾತ್ರಾ ಸಮಿತಿ, ಪ್ರೇಕ್ಷಕ, ಮಾಲೀಕ ಎಲ್ಲರೂ ಅವರವರ ಶಕ್ತಿಗೆ ತಕ್ಕಂತೆ ಹಂಚಿಕೊಳ್ಳಲಿ. ತಿಂಗಳ ಪಗಾರವೊಂದನ್ನೇ ನಂಬಿದ ಕಲಾವಿದನ ಸರದಿ ಅದರಲ್ಲಿ ಕಟ್ಟಕಡೆಗೆ ಬರಲಿ. ಗೆದ್ದಾಗ ಪಾಲು ಹಂಚುವ ಪಟ್ಟಿಯಲ್ಲಿ ಅವನ ಹೆಸರೂ ಇರಲಿ. ಇಷ್ಟು ನ್ಯಾಯ ನಡೆದರೆ ಕನ್ನಡದ ಸಂಗೀತ ನಾಟಕ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳಬಲ್ಲದು ಎಂಬ ಪೂರ್ಣ ನಂಬಿಕೆ ನನಗಿದೆ.